ನೊಣ ನುಡಿದ ಸಾಕ್ಷ್ಯ

ಕಳಿತ ಬಾಳೆಯ ಹಣ್ಣೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಎರಡು ದಿನ ಮರೆತುಬಿಟ್ಟರೆ, ಅದರ ಸುತ್ತ ಸಣ್ಣ ನೊಣಗಳ ಗುಂಪೊಂದು ಎಲ್ಲಿಂದಲೋ ಬಂದು ನೆರೆಯುತ್ತದೆ. ಕಂಡೊಡನೆ ಮನೆಯವರು ಸೆರಗಿನಿಂದಲೋ ಬೀಸಣಿಗೆಯಿಂದಲೋ ಅವನ್ನು ಅಟ್ಟಿ, ಹಣ್ಣನ್ನು ತಿಪ್ಪೆಗೆ ಎಸೆಯುತ್ತಾರೆ. ಹತ್ತಿರ ಹೋಗಿ ನೋಡಿದವರು ವಿರಳ. ನೋಡಿದ್ದರೆ ಮೂರು ಮಿಲಿಮೀಟರನ್ನು ಮೀರದ ಮೈ, ಇಟ್ಟಿಗೆಗೆಂಪಿನ ಕಣ್ಣು, ಗಾಜಿನಂತೆ ತಿಳಿಯಾದ ಎರಡು ರೆಕ್ಕೆ, ಇಷ್ಟು ಕಾಣಿಸುತ್ತಿತ್ತು. ಇದೇ ಹಣ್ಣುನೊಣ. ವಿಜ್ಞಾನಿಗಳು ಇದನ್ನು ಡ್ರಾಸೊಫಿಲ ಮೆಲನೊಗ್ಯಾಸ್ಟರ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯ ಈ ಮಾತುಗಳಿಗೆ ಇಬ್ಬನಿಗೆ ಒಲಿದದ್ದು, ಕರಿಯ ಹೊಟ್ಟೆಯದು ಎಂದು ಅರ್ಥ. ಹೆಸರಿಟ್ಟವರಲ್ಲಿ ಅಷ್ಟಿಷ್ಟು ಕವಿಹೃದಯವೂ ಇದ್ದಿರಬೇಕು.

ಕನ್ನಡ ಪಾಠ ಹೇಳಿ ವಯಸ್ಸಾದವನಿಗೆ ಈ ನೊಣದ ಗೊಡವೆ ಏಕೆಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಬೆಳೆಗೆ ಸಿಂಪಡಿಸುವ ಔಷಧಿ, ಬಟ್ಟೆಗೆ ಹಾಕುವ ಬಣ್ಣ, ತಿಂಡಿ ಕೆಡದಂತೆ ಬೆರೆಸುವ ಪುಡಿ, ಜ್ವರಕ್ಕೆ ನುಂಗುವ ಮಾತ್ರೆ, ಹೀಗೆ ನಮ್ಮ ಮುತ್ತಜ್ಜಂದಿರು ಕಂಡರಿಯದ ಸಾವಿರಾರು ರಾಸಾಯನಿಕಗಳ ನಡುವೆ ನಾವು ಬದುಕುತ್ತಿದ್ದೇವೆ. ಅವುಗಳಲ್ಲಿ ಯಾವುದು ನಮಗೆ ಮಾತ್ರವಲ್ಲದೆ ಇನ್ನೂ ಹುಟ್ಟದಿರುವವರಿಗೂ ಕೇಡನ್ನು ತರಬಲ್ಲುದು ಎಂಬುದನ್ನು ತಿಳಿಯುವ ದಾರಿಯಲ್ಲಿ ಈ ನೊಣವು ಮನುಷ್ಯನಿಗೆ ಮಾಡಿದ ಉಪಕಾರ ದೊಡ್ಡದು. ಆ ಉಪಕಾರವನ್ನು ನಾವು ಸಾಲದಷ್ಟು ಬಳಸಿಕೊಂಡಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ವಿಷವೆಂದರೆ ಕುಡಿದೊಡನೆ ಕೊಲ್ಲುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅಂಥ ವಿಷವನ್ನು ಗುರುತಿಸುವುದು ಕಷ್ಟವಲ್ಲ. ಮೆಲ್ಲಮೆಲ್ಲನೆ ದೇಹವನ್ನು ಹಾಳುಮಾಡುವ ವಿಷವನ್ನೂ ವೈದ್ಯರು ಹೇಗೋ ಪತ್ತೆಹಚ್ಚಬಲ್ಲರು. ಇವೆರಡಕ್ಕೂ ಸೇರದ ಮತ್ತೊಂದು ಬಗೆಯುಂಟು. ಅದನ್ನು ಸೇವಿಸಿದವನಿಗೆ ತಲೆನೋವೂ ಬಾರದೆ ಇರಬಹುದು. ಆದರೆ ಅವನ ಜೀವಕೋಶಗಳೊಳಗೆ, ವಂಶದ ಲಕ್ಷಣಗಳನ್ನು ಹೊತ್ತ ವಂಶವಾಹಿಗಳಲ್ಲಿ, ಒಂದು ಸಣ್ಣ ತಪ್ಪು ಬಿದ್ದಿರುತ್ತದೆ. ಹಳೆಯ ಓಲೆಗರಿಯ ಗ್ರಂಥಗಳನ್ನು ಪರಿಶೋಧಿಸಿದವರಿಗೆ ಈ ಸಂಗತಿ ಬೇಗನೆ ತಿಳಿಯುತ್ತದೆ. ಲಿಪಿಕಾರನೊಬ್ಬ ನಿದ್ದೆಗಣ್ಣಿನಲ್ಲಿ ಒಂದು ಅಕ್ಷರವನ್ನು ತಪ್ಪಾಗಿ ಬರೆದನೆಂದುಕೊಳ್ಳಿ. ಆ ಪ್ರತಿಯನ್ನು ನೋಡಿ ಬರೆದ ಎಲ್ಲ ಪ್ರತಿಗಳಿಗೂ ಆ ತಪ್ಪು ಇಳಿದು ಬರುತ್ತದೆ. ಬರೆದವನು ಸತ್ತು ನೂರು ವರ್ಷವಾದರೂ ತಪ್ಪು ಮಾತ್ರ ಬದುಕಿರುತ್ತದೆ. ವಂಶವಾಹಿಯಲ್ಲಿ ಬೀಳುವ ಇಂಥ ತಪ್ಪನ್ನು ಉತ್ಪರಿವರ್ತನೆ ಎನ್ನುತ್ತಾರೆ. ಅದು ದೇಹದ ಸಾಮಾನ್ಯ ಕೋಶದಲ್ಲಿ ಬಿದ್ದರೆ ಕೆಲವು ವೇಳೆ ಅರ್ಬುದ ರೋಗಕ್ಕೆ ಬೀಜವಾದೀತು. ವೀರ್ಯಾಣುವಿನಲ್ಲೋ ಅಂಡದಲ್ಲೋ ಬಿದ್ದರೆ ಮಕ್ಕಳಿಗೆ ಸಂದೀತು.

ಒಂದು ರಾಸಾಯನಿಕಕ್ಕೆ ಇಂಥ ದುರ್ಗುಣವಿದೆಯೇ ಎಂದು ತಿಳಿಯಬೇಕಾದರೆ ಏನು ಮಾಡಬೇಕು? ಮನುಷ್ಯರ ಮೇಲೆ ಪ್ರಯೋಗ ಮಾಡುವುದು ಅಧರ್ಮ. ಹಾಗೆ ಮಾಡಲು ಯಾರಾದರೂ ಹೊರಟರೂ ಮೊಮ್ಮಕ್ಕಳು ಹುಟ್ಟುವುದನ್ನು ಕಾಯುತ್ತ ಐವತ್ತು ವರ್ಷ ಕುಳಿತಿರಬೇಕಾದೀತು. ಹಣ್ಣುನೊಣವಾದರೋ, ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮೊಟ್ಟೆಯಿಂದ ತೊಡಗಿ ಹುಳುವಾಗಿ, ಕೋಶದೊಳಗೆ ಮಲಗಿ, ರೆಕ್ಕೆ ಬಿಚ್ಚಿಕೊಂಡು ಹೊರಬೀಳುವುದಕ್ಕೆ ಸುಮಾರು ಹತ್ತೇ ದಿನ ಸಾಕು. ಒಂದು ತಿಂಗಳಲ್ಲಿ ತಾತ, ಮಗಳು, ಮೊಮ್ಮಗ ಮೂವರನ್ನೂ ಕಾಣಬಹುದು. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಅದರ ಕೋಶದಲ್ಲಿರುವುದು ನಾಲ್ಕೇ ಜೊತೆ ವರ್ಣತಂತುಗಳು. ಮನುಷ್ಯನಿಗೆ ಇಪ್ಪತ್ತಮೂರು ಜೊತೆ. ಸಾಕುವ ಖರ್ಚು ಬಹಳ ಅಲ್ಪ. ಒಂದು ಗಾಜಿನ ಸೀಸೆ, ಅದರ ತಳದಲ್ಲಿ ರವೆ, ಬೆಲ್ಲ, ಯೀಸ್ಟ್ ಬೆರೆಸಿ ಬೇಯಿಸಿದ ಗಂಜಿ, ಬಾಯಿಗೆ ಹತ್ತಿಯ ಬಿರಡೆ, ಇಷ್ಟಿದ್ದರೆ ನೊಣದ ಸಂಸಾರ ನಡೆಯುತ್ತದೆ.

ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿಯ ಕಣ್ಣಿನದೊಂದನ್ನು ಕಂಡದ್ದು, ವಂಶವಾಹಿಗಳು ವರ್ಣತಂತುಗಳ ಮೇಲಿವೆಯೆಂಬುದನ್ನು ಅದರಿಂದ ತೋರಿಸಿದ್ದು, ಆತನ ಶಿಷ್ಯ ಹರ್ಮನ್ ಮುಲ್ಲರ್ 1927ರಲ್ಲಿ ಕ್ಷಕಿರಣಗಳು ನೊಣದ ವಂಶವಾಹಿಗಳನ್ನು ಕೆಡಿಸುತ್ತವೆಯೆಂದು ಸಾರಿದ್ದು, ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆತದ್ದು, ಇವನ್ನೆಲ್ಲ ನೀವು ವಿಜ್ಞಾನದ ತರಗತಿಯಲ್ಲಿ ಮುಂದೆ ಓದುವಿರಿ. ನನಗೆ ಹೇಳಬೇಕೆನಿಸುವುದು ಅಷ್ಟು ಪ್ರಸಿದ್ಧಳಲ್ಲದ ಒಬ್ಬ ಮಹಿಳೆಯ ಕಥೆ. ಆಕೆಯೂ ಶಾಲೆಯ ಉಪಾಧ್ಯಾಯಿನಿಯಾಗಿದ್ದಳು ಎಂಬುದು ನನ್ನ ಪಕ್ಷಪಾತಕ್ಕೆ ಒಂದು ಕಾರಣವಿದ್ದೀತು.

ಷಾರ್ಲಟ್ ಆವರ್‌ಬಾಕ್ ಹುಟ್ಟಿದ್ದು ಜರ್ಮನಿಯಲ್ಲಿ, 1899ರಲ್ಲಿ. ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ಆಕೆಯನ್ನು, ಯೆಹೂದ್ಯಳೆಂಬ ಒಂದೇ ಕಾರಣಕ್ಕೆ, 1933ರಲ್ಲಿ ಕೆಲಸದಿಂದ ತೆಗೆದುಹಾಕಲಾಯಿತು. ಹಿಟ್ಲರನ ಆಳ್ವಿಕೆ ಆಗತಾನೇ ಮೊದಲಾಗಿತ್ತು. ಆಕೆ ದೇಶವನ್ನು ತೊರೆದು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರವನ್ನು ಸೇರಿ, ಅಲ್ಲಿನ ತಳಿವಿಜ್ಞಾನ ಸಂಸ್ಥೆಯಲ್ಲಿ ನೊಣಗಳ ಅಭ್ಯಾಸವನ್ನು ಕೈಗೊಂಡಳು. ಮುಲ್ಲರನೂ ಕೆಲವು ಕಾಲ ಅಲ್ಲಿಯೇ ಇದ್ದ. ಕ್ಷಕಿರಣದಂತೆ ರಾಸಾಯನಿಕ ವಸ್ತುವೂ ವಂಶವಾಹಿಯನ್ನು ಕೆಡಿಸಬಲ್ಲುದೇ ಎಂಬ ಪ್ರಶ್ನೆಯ ಕಡೆಗೆ ಆಕೆಯ ಮನಸ್ಸನ್ನು ತಿರುಗಿಸಿದವನು ಅವನೇ. ಆ ತನಕ ಹಲವರು ಹಲವು ವಸ್ತುಗಳನ್ನು ಪ್ರಯತ್ನಿಸಿ, ಖಚಿತವಾದ ಉತ್ತರವನ್ನು ಕಾಣದೆ ಕೈಬಿಟ್ಟಿದ್ದರು.

ಒಂದನೆಯ ಮಹಾಯುದ್ಧದಲ್ಲಿ, 1917ರಿಂದ, ಸಾಸಿವೆ ಅನಿಲವೆಂಬ ಘೋರವಾದ ವಿಷವನ್ನು ಸೈನಿಕರ ಮೇಲೆ ಬಳಸಿದ್ದರು. ಹೆಸರಿನಲ್ಲಿ ಸಾಸಿವೆಯಿದ್ದರೂ ಅದಕ್ಕೂ ನಮ್ಮ ಒಗ್ಗರಣೆಗೂ ಸಂಬಂಧವಿಲ್ಲ. ಅದು ಮೈಗೆ ತಾಗಿದಲ್ಲಿ ಆಗುವ ಸುಟ್ಟಗಾಯಗಳು ಬೇಗ ಮಾಯುವುದಿಲ್ಲ; ಮಾಯ್ದವು ಮತ್ತೆ ಬಾಯ್ದೆರೆಯುತ್ತವೆ. ಕ್ಷಕಿರಣದ ಗಾಯಗಳ ಸ್ವಭಾವವೂ ಹೀಗೆಯೇ. ಔಷಧ ವಿಜ್ಞಾನಿ ರಾಬ್ಸನ್ ಮೊದಲಾದವರು ಈ ಹೋಲಿಕೆಯನ್ನು ಗಮನಿಸಿದರು. ಗಾಯ ಒಂದೇ ಬಗೆಯಾದರೆ ಒಳಗಿನ ಪೆಟ್ಟೂ ಒಂದೇ ಬಗೆಯದಿರಬಹುದಲ್ಲವೆ? ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಕಟ್ಟಡದ ತಾರಸಿಯ ಮೇಲೆ ಆ ದ್ರವವನ್ನು ಕಾಯಿಸಿ, ಅದರ ಆವಿಗೆ ನೊಣಗಳನ್ನು ಒಡ್ಡಿ, ಆವರ್‌ಬಾಕ್ ಅವುಗಳ ಸಂತತಿಯನ್ನು ಪರೀಕ್ಷಿಸಿದಳು. ಆಕೆಯ ಕೈಗಳೂ ಸುಟ್ಟವು. ಆದರೆ 1941ರಲ್ಲಿ ಉತ್ತರ ದೊರೆಯಿತು: ಸಾಸಿವೆ ಅನಿಲವು ಕ್ಷಕಿರಣಗಳಷ್ಟೇ ಬಲವಾಗಿ ಉತ್ಪರಿವರ್ತನೆಗಳನ್ನು ಉಂಟುಮಾಡುತ್ತಿತ್ತು. ಮುಲ್ಲರನು ಹರ್ಷದಿಂದ ತಂತಿ ಕಳುಹಿಸಿದನು. ಯುದ್ಧಕಾಲದ ಗುಟ್ಟಾದುದರಿಂದ ಲೋಕಕ್ಕೆ ಹೇಳುವಂತಿರಲಿಲ್ಲ. ಅನಿಲದ ಹೆಸರನ್ನು ಹೇಳಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಲು 1946ರ ತನಕ ಕಾಯಬೇಕಾಯಿತು. ಸರಿಸುಮಾರು ಅದೇ ಕಾಲದಲ್ಲಿ ರಷ್ಯದ ರಾಪೊಪೋರ್ಟ್ ಎಂಬ ವಿಜ್ಞಾನಿಯೂ ಬೇರೆ ರಾಸಾಯನಿಕಗಳಿಂದ ಇದೇ ಪರಿಣಾಮವನ್ನು ನೊಣಗಳಲ್ಲಿಯೇ ಕಂಡಿದ್ದನು. ರಾಸಾಯನಿಕವೊಂದು ವಂಶಕ್ಕೆ ಕೇಡು ತರಬಲ್ಲುದೆಂಬ ಮಾತು ಹೀಗೆ ಮೊದಲು ನೊಣದ ಸಾಕ್ಷ್ಯದಿಂದ ಸಿದ್ಧವಾಯಿತು.

ನೊಣವು ಸಾಕ್ಷ್ಯ ನುಡಿಯುವ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದರಲ್ಲಿ ಬಹಳ ಜಾಣತನವಿದೆ. ಹೆಣ್ಣು ನೊಣಕ್ಕೆ ಎಕ್ಸ್ ಎಂಬ ವರ್ಣತಂತುಗಳು ಎರಡು. ಗಂಡಿಗೆ ಒಂದೇ, ಅದರ ಜೊತೆಗೆ ವೈ ಎಂಬ ಬೇರೊಂದು. ಹೆಣ್ಣಿನ ಒಂದು ಎಕ್ಸ್ ಕೆಟ್ಟರೆ ಇನ್ನೊಂದು ಆ ಕೊರತೆಯನ್ನು ತುಂಬಿಕೊಡುತ್ತದೆ. ಗಂಡಿಗೆ ಆ ಅನುಕೂಲವಿಲ್ಲ. ಈಗ ಒಂದು ಗಂಡು ನೊಣಕ್ಕೆ ಪರೀಕ್ಷಿಸಬೇಕಾದ ರಾಸಾಯನಿಕವನ್ನು ಸಕ್ಕರೆ ನೀರಿನಲ್ಲಿ ಬೆರೆಸಿ ಉಣಿಸುತ್ತಾರೆ. ಆಮೇಲೆ ಅದನ್ನು ವಿಶೇಷವಾಗಿ ಬೆಳೆಸಿದ ಹೆಣ್ಣಿನೊಡನೆ ಕೂಡಿಸುತ್ತಾರೆ. ಈ ಹೆಣ್ಣಿನ ಎಕ್ಸ್ ವರ್ಣತಂತುಗಳ ಮೇಲೆ ಗುರುತುಗಳಿವೆ: ಅವನ್ನು ಪಡೆದ ಗಂಡಿನ ಕಣ್ಣು ಕಿರಿದಾಗಿ, ಏಪ್ರಿಕಾಟ್ ಹಣ್ಣಿನ ಬಣ್ಣದ್ದಾಗಿರುತ್ತದೆ. ಹುಟ್ಟಿದ ಹೆಣ್ಣುಮಕ್ಕಳಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಎಕ್ಸ್ ಬಂದಿರುವುದರಿಂದ ಅವು ಸುಖವಾಗಿರುತ್ತವೆ. ಒಂದೊಂದು ಹೆಣ್ಣನ್ನೂ ಒಂದೊಂದು ಸೀಸೆಯಲ್ಲಿಟ್ಟು ಅದರ ಮಕ್ಕಳನ್ನು ನೋಡಬೇಕು. ಗಂಡುಮಕ್ಕಳಲ್ಲಿ ಅರ್ಧದಷ್ಟು ಕಿರುಗಣ್ಣಿನವು, ಅರ್ಧದಷ್ಟು ತಾತನಂತೆ ಕೆಂಪಾದ ದುಂಡುಗಣ್ಣಿನವು ಇರಬೇಕಾದುದು ನ್ಯಾಯ. ತಾತನ ಎಕ್ಸ್‌ನಲ್ಲಿ ಪ್ರಾಣಕ್ಕೇ ಎರವಾಗುವ ತಪ್ಪು ಬಿದ್ದಿದ್ದರೆ ಅದನ್ನು ಪಡೆದ ಮೊಮ್ಮಕ್ಕಳು ಬೆಳೆದು ಹೊರಗೆ ಬರುವುದೇ ಇಲ್ಲ. ಸೀಸೆಯಲ್ಲಿ ಕೆಂಪು ದುಂಡುಗಣ್ಣಿನ ಗಂಡು ಒಂದೂ ಕಾಣುವುದಿಲ್ಲ.

ಪರೀಕ್ಷಕನು ಇಲ್ಲಿ ಹುಡುಕುವುದು ಇದ್ದವರನ್ನಲ್ಲ, ಇಲ್ಲದವರನ್ನು. ಹಾಜರಿ ಪುಸ್ತಕ ಹಿಡಿದು ನಾನು ಬಹಳ ವರ್ಷ ಮಾಡಿದ ಕೆಲಸವೂ ಅದೇ ತಾನೆ? ಬಾರದವನ ಹೆಸರಿನ ಮುಂದೆ ಗುರುತು ಹಾಕುವುದು. ರಾಸಾಯನಿಕ ಉಣ್ಣದ ನೊಣಗಳಲ್ಲಿಯೂ ಸಾವಿರ ಸೀಸೆಗೆ ಒಂದೋ ಎರಡೋ ಹೀಗೆ ತಾವಾಗಿ ಬರಿದಾಗುವುದುಂಟು. ಉಂಡವುಗಳ ಲೆಕ್ಕ ಅದಕ್ಕಿಂತ ಬಹಳವಾಗಿ ಏರಿದರೆ ಆ ವಸ್ತುವಿನ ಮೇಲೆ ಅಪರಾಧ ಹೊರಿಸಬಹುದು.

ಈ ಪರೀಕ್ಷೆಗೆ ಸಾವಿರಾರು ಸೀಸೆಗಳು ಬೇಕು, ಎರಡು ತಲೆಮಾರು ಕಾಯಬೇಕು. ಇದಕ್ಕಿಂತ ಸುಲಭವಾದ ಇನ್ನೊಂದು ವಿಧಾನವನ್ನು 1984ರಲ್ಲಿ ಸ್ವಿಟ್ಜರ್ಲೆಂಡಿನ ಗ್ರಾಫ್, ವ್ಯೂರ್ಗ್ಲರ್ ಮತ್ತು ಸಂಗಡಿಗರು ವಿವರಿಸಿದರು. ನೊಣದ ರೆಕ್ಕೆಯಲ್ಲಿ ಸುಮಾರು 24,000 ಕೋಶಗಳಿದ್ದು ಒಂದೊಂದಕ್ಕೂ ಒಂದೊಂದು ಕೂದಲಿರುತ್ತದೆ. ಹುಳುವಿನ ಅವಸ್ಥೆಯಲ್ಲಿರುವಾಗಲೇ ರಾಸಾಯನಿಕವನ್ನು ಉಣಿಸಿದರೆ, ಮುಂದೆ ರೆಕ್ಕೆಯಾಗಲಿರುವ ಕೋಶಗಳಿಗೆ ಪೆಟ್ಟು ಬೀಳುತ್ತದೆ. ನೊಣ ಹೊರಬಂದ ಮೇಲೆ ರೆಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಪೆಟ್ಟು ಬಿದ್ದ ಕೋಶದ ಸಂತತಿಯು ಒಂದು ಮಚ್ಚೆಯಾಗಿ ಕಾಣುತ್ತದೆ. ಅಲ್ಲಿ ಒಂದು ಕೂದಲಿನ ಬದಲು ಹಲವು ಕೂದಲುಗಳು, ಅಥವಾ ಉರಿಯ ನಾಲಗೆಯಂತೆ ಸೊಟ್ಟಗಾದ ಕೂದಲುಗಳು. ಮಚ್ಚೆಗಳನ್ನು ಎಣಿಸಿದರಾಯಿತು.

ಇಷ್ಟು ಕೇಳಿದ ಮೇಲೆ, ನೊಣವೆಲ್ಲಿ ಮನುಷ್ಯನೆಲ್ಲಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ನೊಣಕ್ಕೆ ಶ್ವಾಸಕೋಶವಿಲ್ಲ, ನಮ್ಮಂಥ ಯಕೃತ್ತಿಲ್ಲ, ಅದರ ಆಯುಸ್ಸು ಕೆಲವು ವಾರಗಳದು. ಆದರೆ ಅದರ ವಂಶವಾಹಿಗಳು ಬರೆದಿರುವ ಲಿಪಿ ನಮ್ಮದೇ. ಆ ಲಿಪಿಯನ್ನು ವಿಜ್ಞಾನಿಗಳು 2000ದಲ್ಲಿ ಬಹುಮಟ್ಟಿಗೆ ಪೂರ್ತಿಯಾಗಿ ಓದಿ ಮುಗಿಸಿದರು. ಮನುಷ್ಯರಲ್ಲಿ ರೋಗಕ್ಕೆ ಕಾರಣವೆಂದು ಗೊತ್ತಾಗಿರುವ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ಸರಿಜೋಡಿಗಳು ದೊರೆತವು. ಮತ್ತೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಕೆಲವು ವಸ್ತುಗಳು ತಾವಾಗಿ ನಿರಪಾಯಕರ. ದೇಹದೊಳಗೆ ಹೊಕ್ಕು, ಯಕೃತ್ತಿನ ಕಿಣ್ವಗಳಿಂದ ಮಾರ್ಪಟ್ಟ ಮೇಲೆ ವಿಷವಾಗುತ್ತವೆ. ಬ್ಯಾಕ್ಟೀರಿಯಗಳಿಂದ ಪರೀಕ್ಷಿಸುವಾಗ ಇಲಿಯ ಯಕೃತ್ತಿನ ಸಾರವನ್ನು ಹೊರಗಿನಿಂದ ಬೆರೆಸಬೇಕಾಗುತ್ತದೆ. ನೊಣದ ಮೈಯಲ್ಲಿ ಅಂಥ ಕಿಣ್ವಗಳು ಸ್ವಂತವಾಗಿಯೇ ಇವೆ.

ಆದುದರಿಂದ ನೊಣದ ಮಾತನ್ನು ಹೇಗೆ ಕೇಳಬೇಕೆಂಬುದರಲ್ಲಿ ವಿವೇಕ ಬೇಕು. ನೊಣವು ಅಪಾಯವೆಂದರೆ ಅದನ್ನು ಎಚ್ಚರಿಕೆಯೆಂದು ತಿಳಿದು ಮುಂದಿನ ಪರೀಕ್ಷೆಗೆ ಹೋಗಬೇಕು. ನೊಣವು ಅಪಾಯವಿಲ್ಲವೆಂದರೆ ಅದು ಅಭಯಪತ್ರವಲ್ಲ. ಪತ್ರಿಕೆಗಳು ಮೊದಲನೆಯದನ್ನು ಮರಣಶಾಸನವೆಂಬಂತೆ ಬರೆಯುತ್ತವೆ. ವ್ಯಾಪಾರಿಗಳು ಎರಡನೆಯದನ್ನು ಪ್ರಶಸ್ತಿಪತ್ರವೆಂಬಂತೆ ತೋರಿಸುತ್ತಾರೆ. ಎರಡೂ ತಪ್ಪು. ಇವರಿಬ್ಬರಲ್ಲಿ ನನಗೆ ಹೆಚ್ಚು ಭಯವಿರುವುದು ಎರಡನೆಯವರದು.

ಪರೀಕ್ಷೆಯನ್ನು ತಡವಾಗಿ ಮಾಡಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನ ಸಾಕು. ಮಕ್ಕಳ ರಾತ್ರಿಯುಡುಪುಗಳಿಗೆ ಬೆಂಕಿ ಹತ್ತಿ ಅನಾಹುತವಾಗುತ್ತದೆಂದು, 1970ರ ದಶಕದಲ್ಲಿ ಅಲ್ಲಿ ಆ ಬಟ್ಟೆಗಳಿಗೆ ಟ್ರಿಸ್ ಎಂಬ ರಾಸಾಯನಿಕವನ್ನು ಸೇರಿಸುತ್ತಿದ್ದರು. ಉದ್ದೇಶ ಒಳ್ಳೆಯದೇ. ಅದು ಉತ್ಪರಿವರ್ತನೆಯನ್ನುಂಟುಮಾಡುವ ವಸ್ತುವೆಂದು ಬ್ರೂಸ್ ಏಮ್ಸ್ ಮತ್ತು ಆರ್ಲೀನ್ ಬ್ಲಮ್ 1977ರಲ್ಲಿ ಬ್ಯಾಕ್ಟೀರಿಯಗಳ ಪರೀಕ್ಷೆಯನ್ನು ಆಧರಿಸಿ ಬರೆದರು. ಅದೇ ವರ್ಷ ಸರ್ಕಾರ ಅದನ್ನು ಮಕ್ಕಳ ಉಡುಪಿನಲ್ಲಿ ನಿಷೇಧಿಸಿತು. ಹಣ್ಣುನೊಣದ ಪರೀಕ್ಷೆಯೂ ಅದೇ ಸಾಕ್ಷ್ಯವನ್ನು ನುಡಿಯಿತು. ಆ ಬಟ್ಟೆಯನ್ನು ತೊಟ್ಟ ಮಕ್ಕಳ ಮೂತ್ರದಲ್ಲಿ ಟ್ರಿಸ್‌ನಿಂದ ಹುಟ್ಟಿದ ವಸ್ತುವು ಕಂಡುಬಂದುದನ್ನು ಮರುವರ್ಷ ವರದಿ ಮಾಡಿದರು. ಕೆಲವು ವಾರಗಳಲ್ಲಿ, ಕೆಲವು ಸಾವಿರ ನೊಣಗಳಿಂದ ತಿಳಿಯಬಹುದಾಗಿದ್ದ ಸಂಗತಿ ಬಟ್ಟೆ ಮಾರಾಟವಾಗುವ ಮೊದಲು ಏಕೆ ತಿಳಿಯಲಿಲ್ಲ? ಯಾರೂ ಕೇಳಿರಲಿಲ್ಲ, ಅದಕ್ಕೇ.

ದೂರದ ಮಾತೇಕೆ? ನಮ್ಮ ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಸಿದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ದೇಶದಲ್ಲೆಲ್ಲ ಅದರ ತಯಾರಿಕೆಯನ್ನೂ ಬಳಕೆಯನ್ನೂ ತಡೆಯಿತು. ಆ ವಸ್ತು ದೇಹದೊಳಗೆ ಯಾವ ಬಗೆಯಿಂದ ಕೇಡು ಮಾಡುತ್ತದೆಂಬ ಚರ್ಚೆ ವಿದ್ವಾಂಸರಿಗೆ ಸೇರಿದ್ದು. ಅದನ್ನು ನೊಣದ ಲೆಕ್ಕಕ್ಕೆ ನಾನು ಹಾಕುತ್ತಿಲ್ಲ. ನನಗೆ ಕಾಣುವುದು ಕೆಲಸದ ಕ್ರಮ. ಮೊದಲು ಸಿಂಪಡಣೆ, ಆಮೇಲೆ ಪ್ರಶ್ನೆ, ಕೊನೆಗೆ ನ್ಯಾಯಾಲಯ. ಇದು ತಲೆಕೆಳಗಾದ ಕ್ರಮವೆಂದು ಹೇಳಲು ವಿಜ್ಞಾನದ ಪದವಿ ಬೇಕಾಗಿಲ್ಲ.

ನೊಣಕ್ಕೆ ನೋವಾಗುವುದಿಲ್ಲವೆ ಎಂದು ಕೇಳುವ ಮೃದುಹೃದಯದವರು ನಿಮ್ಮಲ್ಲಿ ಇರಬಹುದು. ಅಹಿಂಸೆಯನ್ನು ಮೆಚ್ಚುವ ನಾಡಿನಲ್ಲಿ ಆ ಪ್ರಶ್ನೆ ಸಹಜ, ಅದಕ್ಕೆ ಪೂರ್ತಿ ಸಮಾಧಾನಕರವಾದ ಉತ್ತರ ನನ್ನಲ್ಲಿಲ್ಲ. ಇಲಿ, ಮೊಲಗಳ ಸಂಕಟವನ್ನು ಸಾಧ್ಯವಾದಷ್ಟು ತಪ್ಪಿಸಬೇಕೆಂದು ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲಿಯೇ ವಾದಿಸಿದ್ದರು. ನೊಣದಿಂದ ತಿಳಿಯುವಷ್ಟನ್ನು ನೊಣದಿಂದ ತಿಳಿದುಕೊಂಡರೆ ಅವುಗಳ ಸಂಖ್ಯೆಯಾದರೂ ತಗ್ಗೀತು. ಇದು ಸಮರ್ಥನೆಯಲ್ಲ, ತಾರತಮ್ಯ.

ಇನ್ನೊಂದು ವಾದವನ್ನು ಮರೆಮಾಚುವುದು ಸರಿಯಲ್ಲ. ರಾಸಾಯನಿಕಗಳ ಪರೀಕ್ಷೆಗೆ ನಿಯಮಗಳನ್ನು ರೂಪಿಸುವ, ಪ್ಯಾರಿಸ್ಸಿನಲ್ಲಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು, ನಾನು ಮೇಲೆ ವಿವರಿಸಿದ ಮೊಮ್ಮಕ್ಕಳ ಪರೀಕ್ಷೆಯನ್ನು 1984ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. 2014ರಲ್ಲಿ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಅದನ್ನು ಬಳಸುವವರು ವಿರಳವಾಗಿದ್ದರು, ಬ್ಯಾಕ್ಟೀರಿಯ ಮತ್ತು ಮನುಷ್ಯಕೋಶಗಳ ಪರೀಕ್ಷೆಗಳು ಮುಂದುವರಿದಿದ್ದವು. ಪರವಾನಗಿ ಕೊಡುವ ಕಚೇರಿಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಇದ್ದೀತು. ಆದರೆ ಪರವಾನಗಿಯ ಪರೀಕ್ಷೆಯೊಂದೇ ಪರೀಕ್ಷೆಯಲ್ಲ. ಒಂದು ಕೆರೆಗೆ ಕಾರ್ಖಾನೆಯ ನೀರು ಬಂದು ಸೇರಿದೆ. ಒಂದು ತಾಲ್ಲೂಕಿನಲ್ಲಿ ಹೊಸದೊಂದು ಕಳೆನಾಶಕ ಬಳಕೆಗೆ ಬಂದಿದೆ. ಹತ್ತಿರದ ಕಾಲೇಜಿನ ಅಧ್ಯಾಪಕರೊಬ್ಬರು ದುಬಾರಿ ಯಂತ್ರಗಳಿಲ್ಲದೆ, ಸೂಕ್ಷ್ಮದರ್ಶಕವನ್ನೂ ಸೀಸೆಗಳನ್ನೂ ಇಟ್ಟುಕೊಂಡು ಮೊದಲ ಅನುಮಾನವನ್ನಾದರೂ ಎತ್ತಬಲ್ಲರು. ಬಡದೇಶಕ್ಕೆ ಇದು ಸಣ್ಣ ಅನುಕೂಲವಲ್ಲ. ಲಖನೌದಲ್ಲಿ 1965ರಲ್ಲಿ ಸ್ಥಾಪಿತವಾದ ವಿಷವಿಜ್ಞಾನ ಸಂಸ್ಥೆಯು ಇಂಥ ಕೆಲಸ ಮಾಡಿ ತೋರಿಸಿದೆ. ಜೀವಕೋಶವು ಸಂಕಟಕ್ಕೆ ಸಿಕ್ಕಿದಲ್ಲಿ, ಬಣ್ಣಗೊಳಿಸಿದಾಗ ನೀಲಿಯಾಗಿ ಕಾಣುವಂತೆ ಮಾರ್ಪಡಿಸಿದ ನೊಣಗಳಿಂದ ಅಲ್ಲಿನವರು ಕೀಟನಾಶಕಗಳನ್ನೂ ಕಾರ್ಖಾನೆಯ ಕಲ್ಮಷವನ್ನೂ ಪರಿಶೀಲಿಸಿದ್ದಾರೆ. ಅದು ವಂಶವಾಹಿಯ ಪರೀಕ್ಷೆಯಲ್ಲವಾದರೂ ನೊಣದ ಸಾಕ್ಷ್ಯವೇ.

ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ನೆಲೆಯಿಲ್ಲವೆಂದು ತಿಳಿಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಎಂ. ಆರ್. ರಾಜಶೇಖರಶೆಟ್ಟರು ಮತ್ತು ಅವರ ಶಿಷ್ಯರು ಹಣ್ಣುನೊಣಗಳ ಅಧ್ಯಯನಕ್ಕೆ ಭದ್ರವಾದ ಅಡಿಪಾಯ ಹಾಕಿದರು. ಅವರ ಬಳಗದವರು ನಮ್ಮ ಕಾಡುಮೇಡುಗಳಲ್ಲಿ ಹುಡುಕಿ ಲೋಕಕ್ಕೆ ತಿಳಿಯದಿದ್ದ ಜಾತಿಗಳನ್ನು ಕಂಡು ಹೆಸರಿಟ್ಟರು. ಒಂದಕ್ಕೆ ಡ್ರಾಸೊಫಿಲ ಮೈಸೂರೆನ್ಸಿಸ್ ಎಂದೂ, ಗುರುಗಳ ಗೌರವಾರ್ಥವಾಗಿ ಇನ್ನೊಂದಕ್ಕೆ ಡ್ರಾಸೊಫಿಲ ರಾಜಶೇಖರಿ ಎಂದೂ ಹೆಸರು. ಅಲ್ಲಿ ನೊಣಗಳ ತಳಿಸಂಗ್ರಹಾಲಯವೊಂದಿದೆ. ಬಿಳಿಗಣ್ಣಿನದು, ಕಿರುಗಣ್ಣಿನದು, ಮುದುಡಿದ ರೆಕ್ಕೆಯದು, ಹೀಗೆ ಒಂದೊಂದು ತಳಿಗೂ ಒಂದೊಂದು ಸೀಸೆಯ ಸಾಲು. ಇವನ್ನು ಪುಸ್ತಕದಂತೆ ಕಪಾಟಿನಲ್ಲಿಟ್ಟು ಬೀಗ ಹಾಕುವಂತಿಲ್ಲ. ಕೆಲವು ವಾರಗಳಿಗೊಮ್ಮೆ ಹೊಸ ಗಂಜಿ ಬೇಯಿಸಿ, ಹೊಸ ಸೀಸೆಗೆ ನೊಣಗಳನ್ನು ವರ್ಗಾಯಿಸಬೇಕು. ಒಂದು ಸಲ ತಪ್ಪಿದರೆ ಹತ್ತಾರು ವರ್ಷ ಕಾಪಾಡಿದ ತಳಿ ಅಲ್ಲಿಗೆ ಮುಗಿಯಿತು. ಇಂಥ ಕೆಲಸಕ್ಕೆ ಸಲ್ಲುವ ಹಣ ಯಾವ ವರ್ಷವೂ ನಿಲ್ಲಬಾರದೆಂದು ನಾನು ಒತ್ತಿ ಹೇಳುತ್ತೇನೆ. ದಸರೆಯ ರಜೆಯಲ್ಲಿ ಊರೆಲ್ಲ ಮೆರವಣಿಗೆ ನೋಡಲು ಹೋದಾಗಲೂ ಆ ಕೋಣೆಯಲ್ಲಿ ಒಬ್ಬರು ಕುಳಿತು, ಹತ್ತಿಯ ಬಿರಡೆ ತೆಗೆದು, ನೊಣಗಳನ್ನು ಒಂದು ಸೀಸೆಯಿಂದ ಇನ್ನೊಂದಕ್ಕೆ ದಾಟಿಸುತ್ತಿರಬೇಕು.